ಶಾಂತಿಯ ದೇವರಿಗೆ ಯುದ್ಧದ ಹಾಡು ಯಾಕೆ?

ನಾನು ಚರ್ಚಿನ ಗಾಯಕರ ಗುಂಪಿನಲ್ಲಿ ಹಾಡುತ್ತೇನೆ ಅಂತ ಗೊತ್ತಾದವರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. "ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಅಂದವರು ಯೇಸುಸ್ವಾಮಿ ಅಲ್ವಾ? ಮತ್ತೆ ನಿಮ್ಮ ಹಾಡುಗಳಲ್ಲಿ ಸೈನಿಕ, ಕತ್ತಿ, ಗುರಾಣಿ, ಧ್ವಜ ಇವೆಲ್ಲ ಯಾಕೆ?" ಬೇರೆ ಧರ್ಮದ ಗೆಳೆಯರು ಕೇಳಿದ್ದಾರೆ. ನಮ್ಮ ಸಭೆಯ ಹುಡುಗರು ಇನ್ನೂ ಜಾಸ್ತಿ ಕೇಳುತ್ತಾರೆ. "ಅದೆಲ್ಲ ಆತ್ಮಿಕ ಅರ್ಥದಲ್ಲಿ ಕಣಪ್ಪಾ" ಅಂತ ಸುಮ್ನೆ ದಾಟಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಈ ಆಯುಧಗಳಲ್ಲಿ ಹೆಚ್ಚಿನವು ಬಂದಿರುವುದು ಬೈಬಲಿನಲ್ಲಿರುವ, ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯದಿಂದ. ಸತ್ಯದ ನಡುಕಟ್ಟು, ನೀತಿಯ ಕವಚ, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ, ದೇವರ ವಾಕ್ಯವೆಂಬ ಕತ್ತಿ. ಕಾಲಿಗೆ ಮೆಟ್ಟುವ ಕೆರ ಯಾವುದು ಗೊತ್ತಾ? ಸಮಾಧಾನದ ಸುವಾರ್ತೆ ಸಾರುವ ಸಿದ್ಧತೆ. ಯುದ್ಧಕ್ಕೆ ಹೊರಟವನ ಕಾಲಲ್ಲಿ ಸಮಾಧಾನ! ಇದನ್ನು ಹೇಳುವ, ಪತ್ರ ಬರೆದ ಅಪೊಸ್ತಲ ಪೌಲನು ಸೆರೆಯಲ್ಲಿದ್ದಾನೆ. ಬೇಡಿ ಬಿದ್ದಿರುವ ರಾಯಭಾರಿ ನಾನು ಎಂದು ಅದೇ ಅಧ್ಯಾಯದಲ್ಲಿ ಹೇಳಿಕೊಳ್ಳುತ್ತಾನೆ. ನಿಜವಾದ ಕವಚ, ನಿಜವಾದ ಕತ್ತಿ ಇರುವುದು ರೋಮ್ ಸಾಮ್ರಾಜ್ಯದ ಸಿಪಾಯಿಗಳ ಹತ್ತಿರ. ಆಯುಧಗಳ ಹೆಸರು ಎತ್ತುವ ಮೊದಲೇ ಅವನು ಒಂದು ಮಾತು ಹೇಳಿಬಿಡುತ್ತಾನೆ: ನಮ್ಮ ಹೋರಾಟ ರಕ್ತಮಾಂಸದ ಮನುಷ್ಯರ ಜೊತೆ ಅಲ್ಲ. ಈ ಮಾತಿಲ್ಲದಿದ್ದರೆ ಅಂಥ ಒಂದು ಹಾಡನ್ನೂ ನಾನು ಹಾಡುತ್ತಿರಲಿಲ್ಲ.

ಇನ್ನು ಧ್ವಜದ ವಿಷಯ. ಇದಕ್ಕೆ ಕ್ರಿ.ಶ. 569ರ ಫ್ರಾನ್ಸಿಗೆ, ಪ್ವಾಟಿಯೇ ಊರಿಗೆ ಹೋಗಬೇಕು. ಅಲ್ಲಿ ರಾಡಗುಂಡ ಎಂಬ ರಾಣಿ ಕಟ್ಟಿಸಿದ ಕನ್ಯಾಮಠ ಇತ್ತು. ಅವಳು ತುರಿಂಗಿಯಾದ ರಾಜಕುಮಾರಿ. ಚಿಕ್ಕವಳಿದ್ದಾಗಲೇ ಫ್ರಾಂಕರು ಅವಳ ನಾಡನ್ನು ಗೆದ್ದು, ಅವಳನ್ನು ಸೆರೆ ಹಿಡಿದು ತಂದರು. ಗೆದ್ದ ರಾಜನೇ ಮುಂದೆ ಮದುವೆಯಾದ. ಅವಳ ತಮ್ಮನನ್ನೂ ಅವನೇ ಕೊಲ್ಲಿಸಿದ. ಅದಾದ ಮೇಲೆ ಅವಳು ಅರಮನೆ ಬಿಟ್ಟು ಸನ್ಯಾಸಿನಿಯಾದಳು. ಯುದ್ಧ ಅಂದರೆ ಏನು ಅಂತ ಇವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಮಠಕ್ಕೆ ಪೂರ್ವ ರೋಮನ್ ಚಕ್ರವರ್ತಿ ಎರಡನೇ ಜಸ್ಟಿನ್ ಕಾನ್‌ಸ್ಟಾಂಟಿನೋಪಲ್‌ನಿಂದ ಯೇಸುಸ್ವಾಮಿಯ ಶಿಲುಬೆಯದು ಎಂದು ನಂಬಲಾದ ಮರದ ತುಂಡೊಂದನ್ನು ಕಳಿಸಿಕೊಟ್ಟ. ಅದನ್ನು ಮೆರವಣಿಗೆಯಲ್ಲಿ ಬರಮಾಡಿಕೊಳ್ಳಲು ಕವಿ ಫಾರ್ಚುನೇಟಸ್ ಬರೆದ ಹಾಡೇ 'ವೆಕ್ಸಿಲ್ಲಾ ರೆಜಿಸ್'.

ರಾಜನ ಧ್ವಜಗಳು ಮುಂದೆ ಸಾಗುತ್ತಿವೆ ಎಂದು ಹಾಡು ಶುರುವಾಗುತ್ತದೆ. ದಂಡು ಬರುತ್ತಿದೆ ಅಂದುಕೊಳ್ಳುತ್ತೇವೆ. ಆದರೆ ಅಲ್ಲಿ ಕಾಣುವುದು ಕೊಲೆಗಂಬ. ಮೊಳೆ ಹೊಡೆಸಿಕೊಂಡ ಮೈ, ಭರ್ಜಿ ಚುಚ್ಚಿದ ಪಕ್ಕೆ, ಅಲ್ಲಿಂದ ಹರಿದ ರಕ್ತ ಮತ್ತು ನೀರು. ದೇವರು ಮರದ ಮೇಲಿಂದ ಆಳಿದ ಎನ್ನುತ್ತಾನೆ ಕವಿ. ಇಡೀ ಹಾಡಿನಲ್ಲಿ ಗಾಯವಾಗಿರುವುದು ಒಬ್ಬನಿಗೆ ಮಾತ್ರ, ಅದು ರಾಜನಿಗೇ. ಅವನ ಕಡೆಯಿಂದ ಯಾರ ಮೇಲೂ ಒಂದು ಏಟು ಬೀಳುವುದಿಲ್ಲ. ಕಥೋಲಿಕ ಸಭೆ ಇದನ್ನು ಇವತ್ತಿಗೂ ಪವಿತ್ರ ವಾರದಲ್ಲಿ ಹಾಡುತ್ತದೆ. ಕ್ರೈಸ್ತ ಹಾಡಿನಲ್ಲಿ ಜಯ ಎಂಬ ಮಾತು ಬಂದಾಗಲೆಲ್ಲ ನಾನು ಇದನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ.

ಎಲ್ಲರೂ ಬೊಟ್ಟು ಮಾಡುವ 'ಆನ್‌ವರ್ಡ್ ಕ್ರಿಶ್ಚಿಯನ್ ಸೋಲ್ಜರ್ಸ್' (ಕ್ರೈಸ್ತ ಸೈನಿಕರೇ, ಮುಂದೆ ನಡೆಯಿರಿ) ಹುಟ್ಟಿದ್ದು ಮಕ್ಕಳಿಗಾಗಿ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹಾರ್ಬರಿ ಬ್ರಿಜ್ ಅನ್ನುವ ಊರು. 1860ರ ದಶಕ. ಪಂಚಾಶತ್ತಮ ಹಬ್ಬದ ಸಮಯದಲ್ಲಿ ಸಂಡೇಸ್ಕೂಲ್ ಮಕ್ಕಳು ಪಕ್ಕದ ಊರಿಗೆ ಮೆರವಣಿಗೆ ಹೋಗಬೇಕಿತ್ತು. ದಾರಿಯಲ್ಲಿ ಹಾಡಿಕೊಂಡು ನಡೆಯಲಿ ಅಂತ ಅಲ್ಲಿನ ಪಾದ್ರಿ ಬೇರಿಂಗ್-ಗೋಲ್ಡ್ ಒಂದೇ ರಾತ್ರಿ ಇದನ್ನು ಬರೆದುಕೊಟ್ಟರು. ಅದಕ್ಕೆ ದಂಡಿನ ಗತ್ತು ಬಂದದ್ದು 1871ರಲ್ಲಿ ಆರ್ಥರ್ ಸಲಿವನ್ ಕೂಡಿಸಿದ ರಾಗದಿಂದ ಅಂತ ನನ್ನ ಅನಿಸಿಕೆ. ಎರಡನೇ ಮಹಾಯುದ್ಧದ ನಡುವೆ, 1941ರ ಆಗಸ್ಟ್ 10ರಂದು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಮತ್ತು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಯುದ್ಧನೌಕೆಯ ಮೇಲೆ ನಿಂತು ಹಾಡಿದ್ದೂ ಇದನ್ನೇ. ಅಲ್ಲಿ ಶತ್ರುವಿಗೆ ಹೆಸರಿತ್ತು, ದೇಶವಿತ್ತು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಪೌಲ ಹಾಕಿದ ಗೆರೆಯನ್ನು ಹಾಡು ಅಲ್ಲಿ ದಾಟಿತ್ತು.

ಇದಕ್ಕಿಂತ ನೋಯಿಸುವುದು ಜರ್ಮನಿಯ ಧರ್ಮಸುಧಾರಕ ಲೂಥರನ ಹಾಡಿಗೆ ಆದ ಗತಿ. 'ಐನ್ ಫೆಸ್ಟೆ ಬುರ್ಗ್', ಅಂದರೆ ದೇವರೇ ನಮ್ಮ ಭದ್ರ ಕೋಟೆ. ಬೈಬಲಿನ 46ನೇ ಕೀರ್ತನೆಯಿಂದ ಹುಟ್ಟಿದ್ದು. 1914ರಲ್ಲಿ ಜರ್ಮನಿ ಇದನ್ನು ಯುದ್ಧಗೀತೆ ಮಾಡಿಕೊಂಡಿತು. ಜರ್ಮನಿಯ ಪ್ರಷ್ಯಾ ರಾಜ್ಯದ ಸೈನಿಕರ ಬೆಲ್ಟಿನ ಬಕಲ್ ಮೇಲೆ 'ದೇವರು ನಮ್ಮ ಜೊತೆ' ಎಂದು ಅಚ್ಚು ಹೊಡೆದಿತ್ತು. ಪೌಲ ಹೇಳಿದ ನಡುಕಟ್ಟು ಸತ್ಯದ್ದು! ಆ ಯುದ್ಧದ ಬಿಸಿ ನಮ್ಮ ಕರಾವಳಿಗೂ ತಟ್ಟಿತು. 1834ರಿಂದ ಮಂಗಳೂರಿನಲ್ಲಿದ್ದ ಬಾಸೆಲ್ ಮಿಷನ್ನಿನಲ್ಲಿ ಜರ್ಮನರು ತುಂಬ ಜನ ಇದ್ದರು. ನಮ್ಮ ಕನ್ನಡ ಸಭೆಗಳಿಗೆ ಜರ್ಮನ್ ರಾಗಗಳನ್ನು ತಂದವರೇ ಅವರು. ಯುದ್ಧ ಬಂದಾಗ ಬ್ರಿಟಿಷ್ ಸರಕಾರ ಆ ಮಿಷನರಿಗಳನ್ನು ಬಂಧಿಸಿತು. ಒಂದೇ ಕ್ರಿಸ್ತನನ್ನು ಹಾಡಿದ ಎರಡು ದೇಶಗಳ ನಡುವೆ ಇಲ್ಲಿನ ಸಭೆಗಳು ಸಿಕ್ಕಿಬಿದ್ದವು.

ಆ ಕೀರ್ತನೆಯನ್ನು ಕೊನೆಯವರೆಗೆ ಓದಿದ್ದರೆ ಸಾಕಿತ್ತು. ಕೋಟೆಯಾಗಿರುವ ಆ ದೇವರು ಅಲ್ಲಿ ಮಾಡುವ ಕೆಲಸ ಏನು? ಭೂಮಿಯಲ್ಲೆಲ್ಲ ಯುದ್ಧ ನಿಲ್ಲಿಸುತ್ತಾನೆ. ಬಿಲ್ಲು ಮುರಿಯುತ್ತಾನೆ, ಭರ್ಜಿ ತುಂಡು ಮಾಡುತ್ತಾನೆ, ರಥಗಳನ್ನು ಸುಡುತ್ತಾನೆ.

ಹಾಗಾದರೆ ಈ ಹಾಡುಗಳನ್ನೆಲ್ಲ ಪುಸ್ತಕದಿಂದ ತೆಗೆದುಬಿಡೋಣವೇ? 1986ರಲ್ಲಿ ಅಮೆರಿಕದ ಮೆಥಡಿಸ್ಟ್ ಸಭೆಯ ಸಮಿತಿಯೊಂದು 'ಆನ್‌ವರ್ಡ್'ನಂಥ ಹಾಡುಗಳನ್ನು ತೆಗೆಯಲು ಹೊರಟಿತ್ತು. ಸಾವಿರಾರು ಪತ್ರ ಬಂದ ಮೇಲೆ ಕೈಬಿಟ್ಟಿತು. ನನಗೂ ತೆಗೆಯಲು ಮನಸ್ಸಿಲ್ಲ. ಸಿಟ್ಟು, ಹೊಟ್ಟೆಕಿಚ್ಚು, ಭಯ, ಕೆಟ್ಟ ಚಟ ಇವುಗಳ ಜೊತೆ ದಿನಾ ಗುದ್ದಾಡುವವರಿಗೆ ಜೋಗುಳ ಸಾಲದು. ಅರಿಷಡ್ವರ್ಗ ಅಂತ ಕೇಳಿ ಬೆಳೆದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರದೋ ಮುಖ ಮನಸ್ಸಲ್ಲಿಟ್ಟುಕೊಂಡು, ಅವರ ಮೇಲೆ ಹಾಡುವಂತಿದ್ದರೆ ಮಾತ್ರ ಆ ಭಾನುವಾರ ಬಾಯಿ ಮುಚ್ಚಿಕೊಂಡು ನಿಲ್ಲುವುದೇ ಒಳ್ಳೆಯದು.

ಹುಡುಗರಿಗೆ ನಾನು ಹೇಳುವುದು ಡಡ್ಲಿ ಟಿಂಗ್ ಅವರ ಕತೆ. ಫಿಲಡೆಲ್ಫಿಯಾದ ಪಾದ್ರಿ. 1856ರಲ್ಲಿ ಗುಲಾಮಗಿರಿಯ ವಿರುದ್ಧ ಪ್ರಸಂಗ (ಉಪದೇಶ) ಮಾಡಿದ್ದಕ್ಕೆ ತಮ್ಮ ಚರ್ಚನ್ನೇ ಬಿಡಬೇಕಾಯಿತು. ಅವರು ಬೇರೆ ಸಭೆ ಕಟ್ಟಿದರು, ಬಾಯಿ ಮುಚ್ಚಲಿಲ್ಲ. 1858ರ ಏಪ್ರಿಲ್‌ನಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಅವರ ತೋಳು ಸಿಕ್ಕಿತು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಯೇಸುವಿಗಾಗಿ ಎದ್ದು ನಿಲ್ಲಲು ಹೇಳಿ ಎಂದು ಸಾಯುವ ಮುಂಚೆ ಗೆಳೆಯರಿಗೆ ಹೇಳಿದ್ದರಂತೆ. ಅವರ ಗೆಳೆಯ ಜಾರ್ಜ್ ಡಫೀಲ್ಡ್ ಎಫೆಸದವರಿಗೆ ಬರೆದ ಪತ್ರದ ಅದೇ 6ನೇ ಅಧ್ಯಾಯದ 14ನೇ ವಚನ ತೆಗೆದುಕೊಂಡು ಪ್ರಸಂಗ ಮಾಡಿದರು. ಕೊನೆಯಲ್ಲಿ ತಾವೇ ಬರೆದ ಸಾಲುಗಳನ್ನು ಓದಿದರು. ಅದೇ 'ಸ್ಟ್ಯಾಂಡ್ ಅಪ್, ಸ್ಟ್ಯಾಂಡ್ ಅಪ್ ಫಾರ್ ಜೀಸಸ್'. ಆ ಹಾಡಿನ ಹಿಂದಿರುವ ಸೈನಿಕ ಯಾರ ಮೇಲೂ ಕೈ ಎತ್ತಿದವರಲ್ಲ, ಗುಲಾಮರ ಪರವಾಗಿ ಮಾತಾಡಿ ಕೆಲಸ ಕಳೆದುಕೊಂಡವರು.