ಕಾಯಿ ಹಾಕದ ಪದಾರ್ಥ

ನಮ್ಮ ಮನೆಯಲ್ಲಿ ಪದಾರ್ಥಕ್ಕೆ ಕಾಯಿ ಹಾಕಿಲ್ಲ ಅಂದರೆ ಯಾರಿಗೋ ಹುಷಾರಿಲ್ಲ ಅಂತ ಅರ್ಥ. ಜ್ವರದವರಿಗೆ ಗಂಜಿ, ಉಪ್ಪಿನಕಾಯಿ. ಉಳಿದ ದಿನ ಮೀನಿಗೂ ಕಾಯಿ, ಕೋಳಿಗೂ ಕಾಯಿ, ಬಸಳೆಗೂ ಕಾಯಿ. ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಹದಿನಾಲ್ಕು ತೆಂಗಿನ ಮರ. ಅಂಥ ಮನೆಯಲ್ಲಿ ಕಳೆದ ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು) ಒಂದು ಭಾನುವಾರ ನಾನು ಒಂದೂಕಾಲು ಕಿಲೋ ಆಡಿನ ಮಾಂಸ ತಂದಿಟ್ಟು, "ಇವತ್ತು ನಾನು ಮಾಡ್ತೇನೆ, ಕಾಯಿ ತುರಿಯುವುದು ಬೇಡ" ಅಂದೆ. ಅಮ್ಮ ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ.

"ತಾರಾಯಿ ಪಾಡುಜನಾ?" ಅಂತ ತುಳುವಿನಲ್ಲಿ ಕೇಳಿದಳು. ಕಾಯಿ ಹಾಕುವುದಿಲ್ವಾ? ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಇದೇ ಪ್ರಶ್ನೆ ಒಂಬತ್ತು ಸಲ ಬಂತು. ನಾನು ಎಣಿಸಿದ್ದೇನೆ.

ಮಾಡ ಹೊರಟದ್ದು ಚಿಲಿ. ಮೊದಲ ತೊಂದರೆ ಈ ಹೆಸರಿನದ್ದೇ. ನಮ್ಮಲ್ಲಿ ಚಿಲ್ಲಿ ಅಂದರೆ ಕೆಂಪು ಬಣ್ಣ ಹಾಕಿ ಕರಿದು, ಸೋಯಾ ಸಾಸಿನಲ್ಲಿ ಹೊರಳಾಡಿಸಿದ ಕೋಳಿ. ಇಲ್ಲದಿದ್ದರೆ ಗೋಬಿ. ಮಗಳು ಆಗಲೇ ಸಾಸ್ ಬಾಟಲಿ ತೆಗೆದಿಟ್ಟಿದ್ದಳು. ಇದು ಅದಲ್ಲ ಮಾರಾಯ್ತಿ, ಇದು ಅಮೆರಿಕದ ಟೆಕ್ಸಾಸ್ ಕಡೆಯ ಅಡುಗೆ. ಪೂರ್ತಿ ಹೆಸರು ಚಿಲಿ ಕಾನ್ ಕಾರ್ನೆ. ಸ್ಪ್ಯಾನಿಷ್ ಮಾತು. ಮಾಂಸ ಹಾಕಿದ ಮೆಣಸು ಅಂತ ಅರ್ಥ. ಸರಿಯಾಗಿ ಓದಿ, ಮೆಣಸು ಯಜಮಾನ, ಮಾಂಸ ನೆಂಟ. 1977ರಲ್ಲಿ ಟೆಕ್ಸಾಸಿನವರು ಇದನ್ನು ತಮ್ಮ ರಾಜ್ಯದ ಅಧಿಕೃತ ಅಡುಗೆ ಅಂತಲೇ ಮಾಡಿಕೊಂಡಿದ್ದಾರೆ.

ನಾನು ಕಲಿತದ್ದು ಕುವೈಟಿನಲ್ಲಿ. ಅಮೆರಿಕನ್ ಸೈನಿಕರ ಒಂದು ಕ್ಯಾಂಪಿನ ಮೆಸ್ಸಿನಲ್ಲಿ ಒಂಬತ್ತು ವರ್ಷ ಇದ್ದೆ. ಮೊದಲು ಪಾತ್ರೆ ತೊಳೆಯಲಿಕ್ಕೆ, ಆಮೇಲೆ ಈರುಳ್ಳಿ ಹೆಚ್ಚಲಿಕ್ಕೆ, ಕೊನೆಯ ನಾಲ್ಕು ವರ್ಷ ಒಲೆಯ ಪಕ್ಕ. ಅಲ್ಲಿ ವಾರಕ್ಕೊಂದು ಸಲ ಚಿಲಿ ಇರುತ್ತಿತ್ತು. ಎಮ್ಮೆ ಕರು ಮೀಯಿಸುವಷ್ಟು ದೊಡ್ಡ ಸ್ಟೀಲ್ ಪಾತ್ರೆ. ಅದಕ್ಕೆ ಕೀಮಾ, ಡಬ್ಬಿಯ ಟೊಮೆಟೊ, ಡಬ್ಬಿಯ ಬೀನ್ಸ್, ಡಬ್ಬಿಯ ಪುಡಿ. ನಮ್ಮ ಸೂಪರ್‌ವೈಸರ್ ಟೆಕ್ಸಾಸಿನವನು. ಅವನು ಅದನ್ನು ಬಾಯಿಗಿಡುತ್ತಿರಲಿಲ್ಲ. ಬೀನ್ಸ್ ಬಿದ್ದ ಮೇಲೆ ಅದು ಬೀನ್ಸ್ ಸಾರು, ಚಿಲಿ ಅಂತ ಕರೆಯಬೇಡಿ ಅನ್ನುವುದು ಅವನ ಹಟ. ಆ ಕಡೆಯವರು ಸುಮಾರಾಗಿ ಎಲ್ಲರೂ ಹೀಗೆಯೇ ಜಗಳ ಆಡುತ್ತಾರಂತೆ. ನನಗೆ ಆ ಮಡಿ ಇಲ್ಲ. ಸಾಲು ಉದ್ದ ಇದ್ದಾಗ ಮಾಂಸ ಎಲ್ಲರಿಗೂ ಮುಟ್ಟಬೇಕಲ್ಲ. ನಮ್ಮ ಮನೆಯಲ್ಲೂ ನೆಂಟರು ಜಾಸ್ತಿಯಾದ ದಿನ ಅಲಸಂಡೆ ಬೀಜ ಬೀಳುತ್ತದೆ.

ಒಂದು ಕ್ರಿಸ್‌ಮಸ್ಸಿಗೆ ಅವನು ತನಗೋಸ್ಕರ ಸಣ್ಣ ಪಾತ್ರೆಯಲ್ಲಿ ಮಾಡಿಕೊಂಡ. ಊರಿಂದ ತರಿಸಿದ ಒಣಮೆಣಸು ಎರಡು ಚೀಲ ಇತ್ತು. ಒಂದರ ಹೆಸರು ಆಂಚೊ. ಅಗಲ, ಕಪ್ಪುಗೆಂಪು, ಮುದುಡಿದ ಚರ್ಮ. ಚೀಲ ಬಿಚ್ಚಿ ನನ್ನ ಮೂಗಿಗೆ ಹಿಡಿದ. ಖಾರದ ಘಾಟಿಲ್ಲ, ಒಣದ್ರಾಕ್ಷಿಯ ಪರಿಮಳ! ಇನ್ನೊಂದು ಚೀಲದ ಮೆಣಸನ್ನು ಮೂಸಿದಾಗ ನನಗೆ ಅಮ್ಮನ ಬ್ಯಾಡಗಿ ಡಬ್ಬವನ್ನೇ ತೆರೆದ ಹಾಗಾಯಿತು. ಮರಳುಗಾಡಿನಲ್ಲಿ, ಎಸಿ ಹಾಕಿದ ಅಡುಗೆ ಮನೆಯಲ್ಲಿ ನಿಂತು ಮೆಣಸನ್ನು ಮೂಸುತ್ತಾ ನಿಂತೇ ಬಿಟ್ಟೆ. ಇಷ್ಟು ವರ್ಷ ಅದನ್ನು ತಿಂದಿದ್ದೇನೆ, ಆದರೆ ಕಾಯಿಯ ಜೊತೆಗಲ್ಲದೆ ಬೇರೆಯಾಗಿ ಅದರ ರುಚಿ ನೋಡಿದ್ದೇ ಇಲ್ಲ ಅಂತ ಹೊಳೆದದ್ದು ಆಗ.

ಊರಿಗೆ ಬಂದು ಮೊದಲ ಸಲ ಮಾಡಿದ್ದನ್ನು ನಾಯಿಯೂ ಮೂಸಲಿಲ್ಲ. ತಪ್ಪು ನನ್ನದೇ. ಮೆಸ್ಸಿನ ಅಳತೆ ತಲೆಯಲ್ಲಿತ್ತು, ಕಿಲೋ ಮಾಂಸಕ್ಕೆ ನಾಲ್ಕು ದೊಡ್ಡ ಚಮಚ ಚಿಲಿ ಪೌಡರ್. ಮನೆಯಲ್ಲಿದ್ದ ಗುಂಟೂರು ಮೆಣಸಿನ ಪುಡಿ ನಾಲ್ಕು ಚಮಚ ಸುರಿದೆ. ಅಮೆರಿಕದ ಚಿಲಿ ಪೌಡರ್ ಅಂದರೆ ಬರೀ ಮೆಣಸಿನ ಪುಡಿ ಅಲ್ಲ. ಖಾರ ಕಡಿಮೆಯ ಮೆಣಸಿಗೆ ಜೀರಿಗೆ, ಬೆಳ್ಳುಳ್ಳಿ, ಒರೆಗಾನೊ ಕೂಡಿಸಿದ ಮಸಾಲೆ, ನಮ್ಮ ಸಾಂಬಾರ್ ಪುಡಿ ಇದ್ದ ಹಾಗೆ. ಜರ್ಮನಿಯಿಂದ ಹೋಗಿ ಟೆಕ್ಸಾಸಿನಲ್ಲಿ ನೆಲೆಸಿದ ವಿಲಿಯಂ ಗೆಬ್‌ಹಾರ್ಟ್ ಎನ್ನುವವನು ಅಂಥ ಪುಡಿಯನ್ನು 1890ರ ದಶಕದಲ್ಲೇ ಮಾರಲು ಶುರು ಮಾಡಿದ್ದ. ವರ್ಷಗಟ್ಟಲೆ ಅದೇ ಪುಡಿಯ ಡಬ್ಬಿ ತೆರೆದ ನನಗೆ ಇಷ್ಟು ಹೊಳೆಯಬೇಡವೇ? ಹೆಂಡತಿ ಒಂದು ತುತ್ತು ತಿಂದು ಬಾವಿಕಟ್ಟೆಗೆ ಓಡಿದಳು. ಮರುದಿನ ಬೆಳಗ್ಗಿನ ಕಥೆ ಇಲ್ಲಿ ಬೇಡ.

ಹಾಗಾಗಿ ಈ ಸಲ ಪುಡಿಯ ಸಹವಾಸವೇ ಇಲ್ಲ. ಬೆಳಗ್ಗಿನ ರೈಲು ಹತ್ತಿ ಮಂಗಳೂರಿಗೆ ಹೋಗಿ ಬಂದರಿನ ಅಂಗಡಿಯಿಂದ ಬ್ಯಾಡಗಿ ಡಬ್ಬಿ ಮೆಣಸು ಅರ್ಧ ಕಿಲೋ ತಂದಿದ್ದೆ. ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಬಗೆ. ಕಡ್ಡಿ ಉದ್ದ, ತೆಳು. ಡಬ್ಬಿ ಗಿಡ್ಡ, ದಪ್ಪ. ಎರಡಕ್ಕೂ ಬಣ್ಣ ಜೋರು, ಖಾರ ಸೌಮ್ಯ. ಹಾವೇರಿ ಜಿಲ್ಲೆಯ ಈ ಮೆಣಸಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಕೂಡ ಸಿಕ್ಕಿದೆ. ಹದಿನೆಂಟು ಬ್ಯಾಡಗಿಗೆ ನಾಲ್ಕು ಗುಂಟೂರು. ಬ್ಯಾಡಗಿ ರುಚಿಗೆ, ಗುಂಟೂರು ಬೆವರಿಗೆ.

ಮಾಂಸ ಕುಂಬಳೆ ಪೇಟೆಯದ್ದು. ಮೂಲದಲ್ಲಿ ಇದಕ್ಕೆ ಬೀಫ್. ಕಾಸರಗೋಡಿನಲ್ಲಿ ಅದು ಸಿಗದ ವಸ್ತುವಲ್ಲ, ಆದರೆ ನಮ್ಮ ಒಲೆಗೆ ಏರುವುದಿಲ್ಲ, ಹಾಗಾಗಿ ಆಡು. ಕಿಲೋಗೆ 800 ರೂಪಾಯಿ ದಾಟಿದೆ, ಆದ್ದರಿಂದ ತಿಂಗಳು ತಿಂಗಳು ಮಾಡುವ ಅಡುಗೆಯೂ ಅಲ್ಲ. ಅಂಗಡಿಯವನಿಗೆ ಮಲಯಾಳದಲ್ಲಿ "ಎಲ್ಲ್ ವೇಂಡ" ಅನ್ನಬೇಕು. ಕನ್ನಡ ಮಾತ್ರ ಗೊತ್ತಿದ್ದ ನನ್ನ ಭಾವ ಒಮ್ಮೆ ಇದನ್ನು ಕೇಳಿ, ಮಾಂಸಕ್ಕೆ ಎಳ್ಳು ಯಾರು ಹಾಕ್ತಾರೆ ಅಂದಿದ್ದ. ಎಲ್ಲ್ ಅಂದರೆ ಎಲುಬು ಮಾರಾಯ್ರೆ. ಮುಂಗಾಲು, ಭುಜದ ಕಡೆಯ ಮಾಂಸ, ಸುಲಿದ ಅಡಿಕೆ ಗಾತ್ರಕ್ಕೆ ತುಂಡು ಮಾಡಿಸಿದೆ. ಕೀಮಾ ಬೇಡ, ಅದು ಎರಡು ಗಂಟೆ ಬೆಂದರೆ ಮರಳಿನ ಹಾಗಾಗುತ್ತದೆ. ಜೊತೆಗೆ ಒಂದು ಮುಷ್ಟಿ ಕೊಬ್ಬು ಕೇಳಿ ಹಾಕಿಸಿಕೊಂಡೆ. ಎಣ್ಣೆಯ ಬದಲಿಗೆ ಅದೇ.

ಇನ್ನು ಮೆಣಸು ಹುರಿಯುವುದು. ತೊಟ್ಟು ಮುರಿದು, ಬೀಜ ಕೊಡವಿ, ಒಳಗಿನ ಬಿಳಿ ನಾರನ್ನು ಕಿತ್ತೆ. ಖಾರ ಬೀಜದಲ್ಲಿದೆ ಅಂತ ಎಲ್ಲರೂ ಹೇಳುತ್ತಾರೆ, ಖಾರ ತುಂಬಿರುವುದು ಆ ಬಿಳಿ ನಾರಿನಲ್ಲಿ. ಬೀಜಕ್ಕೆ ಅದರಿಂದ ತಾಗುವುದು ಅಷ್ಟೇ. ಕಾವಲಿ ಸಣ್ಣ ಉರಿಯಲ್ಲಿಟ್ಟು ಒಂದೊಂದೇ ಮೆಣಸು ಸಟ್ಟುಗದಲ್ಲಿ ಒತ್ತಿದೆ. ಒಂದು ಬದಿಗೆ ಅರ್ಧ ನಿಮಿಷ ಸಾಕು. ಗೋಣಿಚೀಲದ ವಾಸನೆ ಹೋಗಿ ಬೆಲ್ಲದ ಪಾಕದ ವಾಸನೆ ಬಂದ ಕೂಡಲೇ ತೆಗೆಯಬೇಕು. ಕಪ್ಪಾದದ್ದನ್ನು ಬಿಸಾಡಿ. ಒಂದೇ ಒಂದು ಕರಟಿದ ಮೆಣಸು ಇಡೀ ಪಾತ್ರೆಯನ್ನು ಕಹಿ ಮಾಡುತ್ತದೆ, ಆಮೇಲೆ ಎಷ್ಟು ಬೆಲ್ಲ ಹಾಕಿದರೂ ಹೋಗುವುದಿಲ್ಲ. ನನಗೆ ಎರಡು ಕರಟಿದವು. ಮಳೆಗೆ ಕಿಟಕಿ ಮುಚ್ಚಿದ್ದರಿಂದ ಮನೆಯಿಡೀ ಕೆಮ್ಮು.

ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮಿಕ್ಸಿಗೆ ಹಾಕಿದೆ. ಸ್ವಿಚ್ ಒತ್ತಿದೆ. ಕರೆಂಟು ಹೋಯಿತು.

ಆಟಿಯಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆ ಅಂತ ಕೇಳಬಾರದು. ಹಿಂದಿನ ಜಗಲಿಯಲ್ಲಿ ಅರೆಯುವ ಕಲ್ಲು ಉಂಟು. ಅದರ ಮೇಲಿದ್ದ ಹಳೆ ಪೇಪರ್ ಕಟ್ಟು, ಟಾರ್ಪಾಲು ಎಲ್ಲ ತೆಗೆದು, ಕಲ್ಲು ತೊಳೆದು ಕೂತೆ. ಮೊದಲು ಮೆಣಸು ಕೇಳುವುದೇ ಇಲ್ಲ. ಚರ್ಮ ಜಾರುತ್ತದೆ, ಗುಂಡುಕಲ್ಲಿನ ಬದಿಯಿಂದ ತಪ್ಪಿಸಿಕೊಂಡು ಅಂಚಿಗೆ ಬಂದು ಕೂರುತ್ತದೆ. ಬೆರಳಿನಲ್ಲಿ ತಳ್ಳಬೇಕು, ಮತ್ತೆ ತಿರುಗಿಸಬೇಕು. ಹತ್ತು ನಿಮಿಷಕ್ಕೆ ತರಿ ತರಿ. ಇಪ್ಪತ್ತಕ್ಕೆ ಕಲ್ಲಿನ ಸದ್ದು ಬದಲಾಯಿತು, ಗರಗರ ಹೋಗಿ ಮೆತ್ತಗಿನ ಪಚಪಚ. ಆಮೇಲೆ ಕೆಂಪು ಗಂಧ ತೇಯ್ದ ಹಾಗೆ ಮೇಲೊಂದು ಹೊಳಪು. ಮಿಕ್ಸಿಯಲ್ಲಿ ಈ ನುಣುಪು ನನಗೆ ಯಾವತ್ತೂ ಬಂದಿಲ್ಲ, ಅಲ್ಲಿ ಸೋಸಲೇಬೇಕು.

ಅಷ್ಟರಲ್ಲಿ ಕೈಗೆ ಬೆಂಕಿ ಹತ್ತಿತ್ತು. ನೀರಿಗೆ ಅದ್ದಿದೆ, ಸೋಪು ಹಚ್ಚಿದೆ, ಮಳೆಗೇ ಒಡ್ಡಿದೆ. ಊಹೂಂ. ಮೆಣಸಿನ ಖಾರ, ಅದೇ ಕ್ಯಾಪ್ಸೈಸಿನ್, ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಈ ವಿಜ್ಞಾನ ಏನೂ ಗೊತ್ತಿಲ್ಲದ ಅಮ್ಮ ತೆಂಗಿನೆಣ್ಣೆ ಬಾಟಲಿ ತಂದು ನನ್ನ ಎರಡೂ ಕೈಗೆ ಸುರಿದು, ಬೆರಳ ಸಂದಿಯಲ್ಲೆಲ್ಲ ತಿಕ್ಕಿ, ಬಟ್ಟೆಯಲ್ಲಿ ಒರೆಸಿದಳು. ಎರಡನೇ ಸಲಕ್ಕೆ ಉರಿ ಇಳಿಯಿತು. "ನೋಡು, ಕೊನೆಗೂ ಕಾಯಿ ಬೇಕಾಯ್ತಲ್ಲ" ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಮುಂದಿನದ್ದು ಸುಲಭ. ದಪ್ಪ ತಳದ ಪಾತ್ರೆಯಲ್ಲಿ ಕೊಬ್ಬು ಕರಗಿಸಿ, ಮಾಂಸವನ್ನು ಮೂರು ಸಲಕ್ಕೆ ಹಂಚಿ ಹುರಿದೆ. ಎಲ್ಲ ಒಟ್ಟಿಗೆ ಹಾಕಿದರೆ ನೀರು ಬಿಟ್ಟು ಬೇಯುತ್ತದೆ, ಕಂದು ಬಣ್ಣ ಬರುವುದಿಲ್ಲ, ಬಣ್ಣ ಬರದಿದ್ದರೆ ರುಚಿಯೂ ಇಲ್ಲ. ಮಾಂಸ ತೆಗೆದು ಅದೇ ಕೊಬ್ಬಿಗೆ ಎರಡು ಈರುಳ್ಳಿ, ಹನ್ನೆರಡು ಎಸಳು ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಎರಡು ಚಮಚ ಜೀರಿಗೆ. ಜೀರಿಗೆ ಜಾಸ್ತಿ ಅನ್ನಿಸಬೇಕು, ಅಷ್ಟಿದ್ದರೇ ಸರಿ. ಒರೆಗಾನೊ ನಮ್ಮಲ್ಲಿಲ್ಲ. ಅಮ್ಮ ಶೀತ-ಕೆಮ್ಮಿಗೆ ಅಂತ ಬಾವಿಕಟ್ಟೆ ಹತ್ತಿರ ಬೆಳೆಸಿದ ಸಾಂಬ್ರಾಣಿ ಸೊಪ್ಪು ಉಂಟಲ್ಲ, ಕೆಲವು ಕಡೆ ದೊಡ್ಡಪತ್ರೆ ಅನ್ನುತ್ತಾರೆ, ಅದರ ಆರು ಎಲೆ ಕೊಚ್ಚಿ ಹಾಕಿದೆ. ಎರಡರ ಪರಿಮಳಕ್ಕೂ ಕಾರಣ ಕಾರ್ವಕ್ರಾಲ್ ಅನ್ನುವ ಒಂದೇ ವಸ್ತು. ನಂಬದಿದ್ದರೆ ಪಿಜ್ಜಾ ಜೊತೆ ಬರುವ ಪೊಟ್ಟಣ ಬಿಚ್ಚಿ ಮೂಸಿ ನೋಡಿ.

ಅರೆದ ಮೆಣಸನ್ನು ಕೊಬ್ಬು ಬಿಡುವವರೆಗೆ ಬಾಡಿಸಿ, ಮಾಂಸ, ಉಪ್ಪು, ಮೂರು ಲೋಟ ನೀರು ಹಾಕಿ ಮುಚ್ಚಳ ಓರೆ ಮಾಡಿ ಎರಡು ಗಂಟೆ ಸಣ್ಣ ಉರಿ. ಕುಕ್ಕರ್ ಬೇಡ. ಕುಕ್ಕರಿನಲ್ಲಿ ಮಾಂಸ ಬೇಯುತ್ತದೆ, ಆದರೆ ನೀರು ಇಂಗುವುದಿಲ್ಲ.

ಆ ಎರಡು ಗಂಟೆ ಅಮ್ಮನಿಗೆ ಕಥೆ ಹೇಳಿದೆ. ಸ್ಯಾನ್ ಆಂಟೋನಿಯೊ ಅಂತ ಊರು. ಅಲ್ಲಿ ಸಂಜೆಯಾದರೆ ಹೆಂಗಸರು ಚೌಕಗಳಲ್ಲಿ ಒಲೆ ಹೂಡಿ ಚಿಲಿ ಮಾರುತ್ತಿದ್ದರು. ಚಿಲಿ ರಾಣಿಯರು ಅಂತಲೇ ಹೆಸರು. 1930ರ ದಶಕದಲ್ಲಿ ಆರೋಗ್ಯದ ನಿಯಮಗಳು ಬಿಗಿಯಾಗಿ ಆ ಒಲೆಗಳು ಆರಿದವು. ಇಷ್ಟು ಅಮ್ಮನಿಗೆ ಇಷ್ಟ ಆಯಿತು. ಆದರೆ ಮೆಣಸು ನಮ್ಮದಲ್ಲ, ಮೆಕ್ಸಿಕೊ ಕಡೆಯದ್ದು, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದದ್ದು ಅಂದಾಗ ಅವಳು ಒಪ್ಪಲಿಲ್ಲ. "ಹಾಗಾದರೆ ಮೊದಲು ಮೀನಿಗೆ ಎಂತ ಹಾಕ್ತಿದ್ದರು?" ಒಳ್ಳೆಮೆಣಸು, ಅದೇ ಕಾಳುಮೆಣಸು, ಅಂದೆ. "ಒಳ್ಳೆಮೆಣಸಿನಲ್ಲಿ ಬೂತಾಯಿ ಗಸಿಯಾ?" ಅಂತ ಎದ್ದು ಹೋದಳು. ಬರುವಾಗ ಪ್ರಶ್ನೆ ಮತ್ತೆ ಅದೇ, ಆರನೇ ಸಲ.

ನಾನೇನು ಕಾಯಿಗೆ ಶತ್ರು ಅಲ್ಲ. ಆದರೆ ಕಾಯಿ ಎಲ್ಲರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಮೆಣಸು ಹಳೆಯದಾಗಿರಲಿ, ಹುರಿದದ್ದು ಸ್ವಲ್ಪ ಜಾಸ್ತಿಯಾಗಿರಲಿ, ಎರಡು ಹಿಡಿ ಕಾಯಿ ಅರೆದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇದರಲ್ಲಿ ಅಡಗಿಕೊಳ್ಳಲು ಜಾಗ ಇಲ್ಲ. ಟೊಮೆಟೊ ಕೂಡ ನಾನು ಹಾಕಲಿಲ್ಲ.

ಟೆಕ್ಸಾಸಿನಲ್ಲಿ ಕೊನೆಗೆ ಗಟ್ಟಿ ಮಾಡಲು ಮಾಸಾ ಹಾಕುತ್ತಾರೆ, ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳದ ಹಿಟ್ಟು. ನಾನು ಕೋರಿ ರೊಟ್ಟಿಯ ಎರಡು ಹಾಳೆ ಪುಡಿ ಮಾಡಿ ಉದುರಿಸಿದೆ. ಕುಚ್ಚಲಕ್ಕಿಯ ರೊಟ್ಟಿ, ಹತ್ತೇ ನಿಮಿಷದಲ್ಲಿ ಎಲ್ಲ ಒಂದಾಯಿತು. ಗೋಲಿಯಷ್ಟು ಬೆಲ್ಲ, ಅರ್ಧ ಲಿಂಬೆ. ಕೆಲವರು ಚಾಕೊಲೇಟ್ ಹಾಕುತ್ತಾರೆ. ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಯುವ ಊರು ನಮ್ಮದು, ಒಮ್ಮೆ ಮಗಳ ಕ್ಯಾಂಪ್ಕೊ ಚಾಕೊಲೇಟಿನಿಂದ ಒಂದು ತುಂಡು ಕದ್ದು ಹಾಕಿ ನೋಡಿದ್ದೇನೆ. ಬಣ್ಣ ಕಪ್ಪಾಯಿತು, ಮಗಳು ಎರಡು ದಿನ ಮಾತು ಬಿಟ್ಟಳು. ಬೇಡ.

ಬಡಿಸುವಾಗ ಎರಡೂವರೆ. ಕರೆಂಟು ಇನ್ನೂ ಬಂದಿರಲಿಲ್ಲ. ಬಟ್ಟಲಿಗೆ ಕೋರಿ ರೊಟ್ಟಿ ಮುರಿದು, ಮೇಲೆ ಚಿಲಿ, ಅದರ ಮೇಲೆ ಹಸಿ ಈರುಳ್ಳಿ. ಹೆಂಡತಿ ಮೊದಲ ತುತ್ತಿಗೆ ಬಾವಿಕಟ್ಟೆ ಕಡೆ ಒಮ್ಮೆ ನೋಡಿ, ಆಮೇಲೆ ಸುಮ್ನೆ ತಿಂದಳು, ಎರಡನೇ ಸಲ ಹಾಕಿಸಿಕೊಂಡಳು. ಮಗಳು "ಸುಕ್ಕನೂ ಅಲ್ಲ, ಗಸಿಯೂ ಅಲ್ಲ" ಅಂತ ತೀರ್ಪು ಕೊಟ್ಟು ಮಧ್ಯೆ ಮಧ್ಯೆ ಮಜ್ಜಿಗೆ ಕುಡಿದಳು. ಖಾರ ಮೊದಲು ಬರುವುದಿಲ್ಲ. ಮೊದಲು ಜೀರಿಗೆ, ಆಮೇಲೆ ಹೊಗೆಯಾಡಿದ ಸಿಹಿ, ನುಂಗಿದ ಮೇಲೆ ಗಂಟಲ ಹಿಂದೆ ನಿಧಾನಕ್ಕೆ ಬಿಸಿ ಏರುತ್ತದೆ. ಹಣೆಯಲ್ಲಿ ಬೆವರು ಬರುವಾಗ ಹೊರಗೆ ಮಳೆ ಸುರಿಯುತ್ತಿರಬೇಕು, ಅದೇ ಸುಖ.

ಅಮ್ಮ ಕುಚ್ಚಲಕ್ಕಿ ಅನ್ನಕ್ಕೆ ಕಲಸಿಕೊಂಡಳು. ಏನೂ ಹೇಳಲಿಲ್ಲ. ತಿಂದ ಬಟ್ಟಲು ಹಿಡಿದು ಏಳುವಾಗ ಒಂಬತ್ತನೇ ಸಲ ಕೇಳಿದಳು, ಅಷ್ಟೇ.

ಮರುದಿನ ಬೆಳಗ್ಗೆ ನಾನು ಏಳುವಾಗ ಉಳಿದಿದ್ದನ್ನು ಅವಳೇ ಬಿಸಿ ಮಾಡಿದ್ದಳು. ಇದು ಎರಡನೇ ದಿನಕ್ಕೇ ಹೆಚ್ಚು ರುಚಿ. ನೀರುದೋಸೆಯ ತುದಿಯನ್ನು ಅದಕ್ಕೆ ಅದ್ದಿ ತಿಂದು, ಬೆರಳು ನೆಕ್ಕಿ, ಸ್ವಲ್ಪ ಹೊತ್ತು ಬಾಯಾಡಿಸುತ್ತಾ ಕೂತಳು. ಕಾಯಿಯ ಸುದ್ದಿ ಎತ್ತಲಿಲ್ಲ.

"ಈ ಮೆಣಸು ಬಂದರಿನಲ್ಲಿ ಯಾವ ಅಂಗಡಿಯದ್ದು?" ಅಂದಳು.

ಹೇಳಿದೆ. ಸಂಜೆ ನೋಡುವಾಗ ಫ್ರಿಜ್ಜಿನ ಮೇಲಿಟ್ಟಿದ್ದ ನನ್ನ ಚೀಲ ಖಾಲಿ. ಅಷ್ಟೂ ಮೆಣಸು ಅವಳ ಡಬ್ಬ ಸೇರಿತ್ತು.