ನೈಟ್ ಡ್ಯೂಟಿ ಡಬ್ಬಿ, ಬ್ಯಾಚ್ 11: ಕೊನೆಗೂ ಅಂಬಲಿ ಹರೀತು

ನಿನ್ನೆ ರಾತ್ರಿ, ಅಂದ್ರೆ ಇವತ್ತು ಬೆಳಗಿನ ಜಾವ 3 ಗಂಟೆ 10 ನಿಮಿಷಕ್ಕೆ, ನರ್ಸಿಂಗ್ ಸ್ಟೇಷನ್ ಹಿಂದಿನ ಪುಟ್ಟ ರೂಮಲ್ಲಿ ಫ್ಲಾಸ್ಕ್ ಮುಚ್ಚಳ ತಿರುಗಿಸಿ ಲೋಟಕ್ಕೆ ಬಗ್ಗಿಸ್ದೆ, ಹರೀತು. ಎಲ್ಲೂ ತಡೀದೆ ಗಟ್ಟಿ ಮಜ್ಜಿಗೆ ಥರ ಕೊನೇ ತೊಟ್ಟಿನವರೆಗೂ ಹರೀತು. ಖುಷಿ ತಡೀಲಾರದೆ ಆಯಮ್ಮನ್ನ ಕರೆದು ತೋರಿಸ್ದೆ, ಅವರು "ಅಂಬ್ಲಿ ತಾನೆ ಸಿಸ್ಟರ್, ಅದು ಹರೀದೆ ಇನ್ನೇನ್ ಮಾಡ್ತದೆ" ಅಂದ್ರು. ಹರೀದೆ ಏನೇನು ಮಾಡತ್ತೆ ಅಂತ ನನಗೆ ಗೊತ್ತು, ಎರಡು ತಿಂಗಳಿಂದ ಅದನ್ನೇ ನೋಡಿದ್ದೀನಿ.

ನೈಟ್ ಮಾಡೋರಿಗೆ ಡಬ್ಬಿ ಪ್ಲಾನ್ ಗೊತ್ತೇ ಇರತ್ತೆ, ಬೇಗ ಹೇಳಿ ಮುಗಿಸ್ತೀನಿ. ಡ್ಯೂಟಿ ರಾತ್ರಿ 8ರಿಂದ ಬೆಳಗ್ಗೆ 8. ಹೊಟ್ಟೆ ತುಂಬ ಊಟ ಸಂಜೆ 6.30ಕ್ಕೆ ಮನೇಲೇ, ಮುದ್ದೆ ಬಸ್ಸಾರು ಅಥವಾ ಚಪಾತಿ ಕಾಳುಪಲ್ಯ. 11 ಗಂಟೆಗೆ ಒಂದು ಹಿಡಿ ಹುರಿಗಡಲೆ. 2 ಗಂಟೆ ಆದ್ಮೇಲೆ ಟೀ ಇಲ್ಲ, ಯಾಕಂದ್ರೆ ಕೆಫೀನ್ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು, ನಾನು ಮಲಗೋದು 9.30ಕ್ಕೆ. ಬೆಳಗ್ಗೆ ಎರಡು ಇಡ್ಲಿ, ನಿದ್ದೆ. ಇದೆಲ್ಲ ಸೆಟ್ ಆಗಿ ವರ್ಷ ಆಯ್ತು. ಸೆಟ್ ಆಗದೆ ಉಳಿದಿದ್ದು 3 ಗಂಟೆಯ ಹಸಿವು ಒಂದೇ.

ಆ ಹೊತ್ತಿನ ಕಷ್ಟ ಏನಂದ್ರೆ ಮೈ ತಣ್ಣಗಾಗ್ತಾ ಇರತ್ತೆ, ಹೊಟ್ಟೆ ನಿಧಾನ ಆಗಿರತ್ತೆ, ತಿಂದಿದ್ದು ಅಲ್ಲೇ ಕೂತಿರತ್ತೆ. ಅದೇ ಊಟ ಬೆಳಗ್ಗೆ ಉಂಡಾಗ ಏರೋದಕ್ಕಿಂತ ಜಾಸ್ತಿ ಸಕ್ಕರೆ ನಡುರಾತ್ರಿ ಉಂಡ್ರೆ ರಕ್ತದಲ್ಲಿ ಏರತ್ತೆ. ಹಾಗಂತ ಏನೂ ತಿನ್ನದೆ ಇದ್ರೆ 5 ಗಂಟೆಗೆ ಬ್ಲಡ್ ಸ್ಯಾಂಪಲ್ ತೆಗೆಯೋವಾಗ ಕೈ ನಡುಗತ್ತೆ. ಗೇಟ್ ಹೊರಗಿನ ಗಾಡೀಲಿ ಸಿಗೋದು ಬನ್ನು, ಪಫ್ಸು, ತಣ್ಣಗಾದ ಬಜ್ಜಿ. ವಾರ್ಡ್ ಫ್ರಿಜ್ ಇನ್ಸುಲಿನ್‌ಗೆ, ವ್ಯಾಕ್ಸೀನ್‌ಗೆ, 2ರಿಂದ 8 ಡಿಗ್ರಿ, ಅದರಲ್ಲಿ ಊಟ ಇಡೋ ಹಾಗಿಲ್ಲ, ಇಡಲೂಬಾರದು. ಓವನ್ ಇಲ್ಲ. ಬೆಲ್ ಹೊಡೆದ್ರೆ ಎದ್ದು ಓಡ್ಬೇಕು, ಹಾಗಾಗಿ ಒಂದೇ ಕೈಯಲ್ಲಿ ಐದು ನಿಮಿಷದಲ್ಲಿ ಮುಗಿಯೋದೇ ಬೇಕು. ನಮ್ಮ ಕಡೆಯವಳಾಗಿ ನನಗೆ ಹೊಳೆದಿದ್ದು ರಾಗಿ ಅಂಬಲಿ. 100 ಗ್ರಾಂ ರಾಗೀಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಹಗಲೆಲ್ಲ ಪರದೆ ಎಳ್ಕೊಂಡು ಮಲಗೋ ನಮ್ಮಂಥೋರ ಮೂಳೆಗೆ ಅದೂ ಬೇಕು.

ಲೆಕ್ಕ ಸುಲಭ ಇತ್ತು. 40 ಗ್ರಾಂ ಹಿಟ್ಟು, 400 ಎಂಎಲ್ ನೀರು. 40 ಗ್ರಾಂಗಿಂತ ಕಡಿಮೆ ಆದ್ರೆ ಬೆಳಗ್ಗೆವರೆಗೂ ತಡೆಯಲ್ಲ, 400ಕ್ಕಿಂತ ಜಾಸ್ತಿ ನೀರು ಕುಡಿಯೋಕಾಗಲ್ಲ. ಬ್ಯಾಚ್ 1ರಿಂದ 3 ಸ್ಟೀಲ್ ಬಾಟಲೀಲಿ. ಮನೇಲಿ ಒಲೆ ಮೇಲೆ ಚೆನ್ನಾಗೇ ಇದ್ದಿದ್ದು 3 ಗಂಟೆ ಹೊತ್ತಿಗೆ ಒಳಗೇ ಬಾಟಲಿ ಆಕಾರದ ಮುದ್ದೆ. ಬೋರಲು ಹಾಕಿ ತಟ್ಟಿದ್ರೂ ಬರ್ಲಿಲ್ಲ, ಸ್ಪೂನ್ ಹಿಡಿಯಿಂದ ಕೆರೆದು ತಿಂದೆ. ಬ್ಯಾಚ್ 4 ಹಿಟ್ಟು ಅರ್ಧಕ್ಕೆ ಇಳಿಸಿ ಮಾಡ್ದೆ, ಹರೀತು, ಆದ್ರೆ 4.30ಕ್ಕೆ ಮತ್ತೆ ಹಸಿವು, ಗಾಡಿಯ ಬನ್ನು. ಬ್ಯಾಚ್ 5ರಲ್ಲಿ ಸಂಜೆನೇ ಮಜ್ಜಿಗೆ ಬೆರೆಸಿ ಬಿಗಿಯಾಗಿ ಮುಚ್ಚಿದ್ದೆ, ಏಪ್ರಿಲ್ ಸೆಖೆ ಬೇರೆ, ಹುಳಿ ಹತ್ತಿ ಗಾಳಿ ಕಟ್ಟಿ ಮುಚ್ಚಳ ತಿರುಗಿಸಿದ ತಕ್ಷಣ ಬುಸ್ ಅಂತ ಉಕ್ಕಿ ಡ್ಯೂಟಿ ರೋಸ್ಟರ್ ಮೇಲೆಲ್ಲ ರಾಗಿ. ಇನ್‌ಚಾರ್ಜ್ ಸಿಸ್ಟರ್ ಒಳ್ಳೆಯೋರು, ಹೊಸ ಹಾಳೇಲಿ ಬರ್ಕೊಡಮ್ಮ ಅಂದ್ರು ಅಷ್ಟೆ.

ಸುಳಿವು ಸಿಕ್ಕಿದ್ದು ಅಡುಗೆಮನೇಲಲ್ಲ, ನಾದಿನಿ ಮಗು ಹತ್ರ. ಏಳು ತಿಂಗಳ ಕೂಸು, ರಾಗಿ ಸರಿ ತಿನ್ನಿಸ್ತಾ ಇದ್ದಾಗ ನಿದ್ದೆಗೆ ಜಾರ್ತು, ಬಟ್ಟಲು ಅಲ್ಲೇ ಉಳೀತು. ಒಂದು ಗಂಟೆ ಆದ್ಮೇಲೆ ತೊಳೆಯೋಕೆ ಅಂತ ಎತ್ತಿದ್ರೆ ಪೂರ್ತಿ ತಣ್ಣಗಾಗಿದೆ, ಆದ್ರೆ ಕಟ್ಟಿಲ್ಲ. ಬಟ್ಟಲು ಓರೆ ಮಾಡ್ದೆ, ಆ ಕಡೆಗೆ ಜಾರ್ತು, ಈ ಕಡೆ ಮಾಡ್ದೆ, ಈ ಕಡೆಗೆ ಬಂತು. ನನ್ನ ಅಂಬಲಿ ಹಾಗೆ ಒಂದು ಗಂಟೆ ಬಿಟ್ಟಿದ್ರೆ ಚಾಕು ಬೇಕಾಗ್ತಿತ್ತು. ಅತ್ತೇನ ಕೇಳ್ದೆ, ಅವರು ಮಂಡ್ಯ ಕಡೆಯೋರು, "ಅದು ಮೊಳ್ಕೆ ರಾಗಿ ಕಣವ್ವಾ, ಮೊಳ್ಕೆ ಹಿಟ್ಟು ಕಟ್ಟಲ್ಲ, ಅದಕ್ಕೇ ಅಲ್ವಾ ಕೂಸಿಗೆ ಹಾಕೋದು" ಅಂದ್ರು, ತರಕಾರಿ ಹೆಚ್ಚೋದು ನಿಲ್ಲಿಸ್ಲಿಲ್ಲ ಕೂಡ.

ಕಾರಣ ಆಮೇಲೆ ಓದ್ಕೊಂಡೆ. ರಾಗಿ ಹಿಟ್ಟಿನ ಪಿಷ್ಟ ಬೇಯೋವಾಗ ನೀರು ಕುಡಿದು ಊದ್ಕೊಳತ್ತೆ, ಆರಿದ ಮೇಲೆ ಅದರ ಉದ್ದುದ್ದ ಎಳೆಗಳು ಒಂದಕ್ಕೊಂದು ಹೆಣ್ಕೊಂಡು ಗಟ್ಟಿ ಆಗತ್ತೆ. ಕಾಳು ಮೊಳಕೆ ಒಡೆಯೋವಾಗ ಒಳಗೆ ಅಮೈಲೇಸ್ ಅನ್ನೋ ಕಿಣ್ವ ಹುಟ್ಟತ್ತೆ, ಅದು ಆ ಎಳೆಗಳನ್ನ ಕತ್ತರಿಸತ್ತೆ, ಹೆಣ್ಕೊಳ್ಳೋಕೆ ಉದ್ದನೇ ಇರಲ್ಲ. ಮಗುವಿನ ಹೊಟ್ಟೆ ಚಿಕ್ಕದು, ತೆಳ್ಳಗಿರೋ ಗಂಜೀಲೇ ಜಾಸ್ತಿ ಹಿಟ್ಟು ಹೋಗ್ಬೇಕು, ಅದಕ್ಕೇ ಮೊಳಕೆ. 3 ಗಂಟೆಯ ನನ್ನ ಹೊಟ್ಟೆಗೂ ಬೇಕಾಗಿದ್ದು ಅದೇ! ನಮ್ಮ ಮೈಸೂರಲ್ಲೇ, ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಇರೋ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ರಾಗಿ ಮಾಲ್ಟ್ ಮೇಲೆ, ಮಕ್ಕಳ ಆಹಾರದ ಮೇಲೆ ಎಷ್ಟೋ ಕೆಲಸ ಆಗಿದೆ, ನಾನು ಅದರ ಮುಂದೇನೇ ಬಸ್ಸಲ್ಲಿ ಓಡಾಡ್ತೀನಿ.

ಸರಿ, ಇನ್ನೇನು ಗೆದ್ದೆ ಅಂತ ಅಂಗಡಿಯಿಂದ ಮೊಳಕೆ ರಾಗಿ ಹಿಟ್ಟು ತಂದೆ. ಬ್ಯಾಚ್ 6, ಒಂದು ಚಮಚ ಬೆರೆಸ್ದೆ, ಏನೂ ಆಗ್ಲಿಲ್ಲ. ಬ್ಯಾಚ್ 7, ಮೂರು ಚಮಚ, ಇನ್ನೂ ಗಟ್ಟಿ ಆಯ್ತು. ಎರಡು ರಾತ್ರಿ ತಲೆ ಕೆಡಿಸ್ಕೊಂಡೆ. ಪ್ಯಾಕೆಟ್ ಮೂಸಿ ನೋಡಿದ ಮೇಲೆ ಗೊತ್ತಾಯ್ತು, ಘಮ್ ಅಂತ ಹುರಿದ ವಾಸನೆ. ಹುರಿದ್ರೆ ಕಿಣ್ವ ಸತ್ತೋಗತ್ತೆ, ರುಚಿ ಬರತ್ತೆ, ಕೆಲಸ ಹೋಗತ್ತೆ. ಕುಡಿಯೋಕೆ ಚೆನ್ನಾಗಿರ್ಲಿ ಅಂತ ಹುರೀತಾರೆ, ಸರಿ, ಆದ್ರೆ ಹುರಿದಿದ್ದೀವಿ ಅಂತ ಪ್ಯಾಕೆಟ್ ಮೇಲೆ ಒಂದು ಪದ ಹಾಕ್ಬಾರ್ದಾ? ಇನ್ನೊಂದು ಕಡೆ ಕೊಂಡ ರಾಗಿ ಮಾಲ್ಟ್‌ನಲ್ಲಿ ಸಕ್ಕರೆ, ಹಾಲಿನ ಪುಡಿ, ಏಲಕ್ಕಿ ಎಲ್ಲ ಇತ್ತು, ರಾಗಿ ಹುಡುಕ್ಬೇಕು.

ಮನೇಲೇ ಮೊಳಕೆ ಕಟ್ಟೋದು ಅಂತಾಯ್ತು. ಅದಕ್ಕೆ ರಾಗಿ ತರೋದೂ ಒಂದು ಗೋಳು. ಮೊದಲು ತಂದ ಕಾಳು ಹಳೇ ಸ್ಟಾಕ್, ಎರಡು ದಿನ ಕಟ್ಟಿಟ್ರೂ ಅರ್ಧಕ್ಕರ್ಧ ಮೊಳಕೆನೇ ಬರ್ಲಿಲ್ಲ, ಮುಗ್ಗಲು ವಾಸನೆ, ಎಸೆದೆ. ಕೊನೆಗೆ ಅತ್ತೆ ಊರಿಂದ ಈ ವರ್ಷದ ರಾಗಿ ಬಂತು. ಅತ್ತೆ ಈಗ್ಲೂ ಒಳ್ಳೇ ರಾಗೀನ ಇಂಡಾಫ್ ಅಂತಾನೇ ಕರೀತಾರೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ 'ರಾಗಿ' ಲಕ್ಷ್ಮಣಯ್ಯನವರು ಇಂಡಿಯಾ ರಾಗಿಗೆ ಆಫ್ರಿಕಾ ರಾಗಿ ಕೂಡಿಸಿ ಮಾಡಿದ ತಳಿಗಳು ಅವು, ಅದಕ್ಕೇ ಆ ಹೆಸರು. ಊರಲ್ಲಿ ಬೆಳೆದಿರೋದು ಮಾತ್ರ ಜಿಪಿಯು-28 ಅನ್ನೋ ಬೇರೆ ತಳಿ. ಒಂದು ಮಾತು, ಬಿತ್ತನೆ ಪ್ಯಾಕೆಟ್ ಬೀಜಕ್ಕೆ ಔಷಧಿ ಹಚ್ಚಿರ್ತಾರೆ, ಮೊಳಕೆ ಚೆನ್ನಾಗಿ ಬರತ್ತೆ ಅಂತ ಅದನ್ನ ತರ್ಬೇಡಿ, ಊಟದ ರಾಗಿನೇ ಆಗ್ಬೇಕು.

ನೆನೆಹಾಕೋದು ಕಟ್ಟೋದು ನಿಮಗೆ ಗೊತ್ತು. ಎರಡು ದಿನ ಮೊಳಕೆ ಬರ್ಲಿ, ಬಿಸಿಲಲ್ಲಿ ಗರಿಗರಿ ಒಣಗ್ಲಿ, ಬಾಣಲೆ ಹತ್ರ ಕೂಡ ತರ್ಬೇಡಿ. ಬೇರು ಉಜ್ಜಿ ತೂರಿ, ಮಿಕ್ಸೀಲಿ ಮಾಡಿ, ತೆಳು ಬಟ್ಟೇಲಿ ಜರಡಿ ಹಿಡೀರಿ. ಮಿಲ್ಲಿಗೆ ಕೊಡ್ಬೇಡಿ, ನಾನು ಕೊಟ್ಟಿದ್ದೆ, ನನಗಿಂತ ಮುಂಚೆ ಯಾರದೋ ಖಾರದ ಪುಡಿ ಹಾಕಿದ್ರು.

ಬ್ಯಾಚ್ 8ರಲ್ಲಿ ಈ ಹಿಟ್ಟನ್ನ ಕುದಿಯೋ ಅಂಬಲಿಗೆ ಹಾಕ್ದೆ. ಮತ್ತೆ ಮುದ್ದೆ. ಹುರಿದ್ರೆ ಸಾಯೋದು ಕುದಿಸಿದ್ರೂ ಸಾಯತ್ತೆ ಅಲ್ವಾ. ಅಡುಗೆ ಥರ್ಮಾಮೀಟರ್ ತಗೊಂಡೆ, ವಾರ್ಡಿಂದು 42 ಡಿಗ್ರಿಗೇ ಮುಗಿಯತ್ತೆ. ಬ್ಯಾಚ್ 9, ಅಂಬಲಿ ಬೇಯಿಸಿ ಕೆಳಗಿಳಿಸಿ 65 ಡಿಗ್ರಿಗೆ ಆರಿಸಿ, ಒಂದು ಟೀ ಚಮಚ ಮೊಳಕೆ ಹಿಟ್ಟನ್ನ ತಣ್ಣೀರಲ್ಲಿ ಕಲಸಿ ಹಾಕಿ ತಿರುವಿದೆ. ಮೂರು ನಿಮಿಷ ಏನಿಲ್ಲ. ನಾಲ್ಕನೇ ನಿಮಿಷಕ್ಕೆ ಸೌಟಿನ ಕೆಳಗೆ ಬಿಗಿ ಬಿಡ್ತು, ಆಮೇಲೆ ನೋಡ್ತಾ ನೋಡ್ತಾ, ಸೌಟು ಎತ್ತಿದ್ರೆ ಉಂಡೆ ಉಂಡೆಯಾಗಿ ಬೀಳ್ತಿದ್ದಿದ್ದು ಪಟ್ಟಿಯಾಗಿ ಬಿತ್ತು, ಹತ್ತು ನಿಮಿಷಕ್ಕೆ ದಾರ. ಹಿಟ್ಟು ಅಷ್ಟೇ, ನೀರು ಅಷ್ಟೇ! ಹೊಸದಾಗಿ ತಗೊಂಡಿದ್ದ ಫ್ಲಾಸ್ಕ್‌ಗೆ ತುಂಬ್ಕೊಂಡು ಹೋದೆ. 3 ಗಂಟೆಗೆ ತೆಗೆದ್ರೆ ಮೇಲೆ ಸಿಹಿ ನೀರು, ತಳದಲ್ಲಿ ಗಸಿ. ಫ್ಲಾಸ್ಕ್ ಒಳಗೆ ಬಿಸಿ ಉಳಿದಿತ್ತಲ್ಲ, ಕಿಣ್ವ ಏಳು ಗಂಟೆ ಬಿಡದೆ ಕತ್ತರಿಸಿದೆ. ನಾನು ಡ್ಯೂಟಿ ಮಾಡಿದಷ್ಟೂ ಹೊತ್ತು ಅದೂ ಡ್ಯೂಟಿ ಮಾಡಿದೆ.

ಹಾಗಾದ್ರೆ ಅದಕ್ಕೆ ಆಫ್ ಕೊಡ್ಬೇಕು. ಹತ್ತು ನಿಮಿಷ ಆದ ತಕ್ಷಣ ಮತ್ತೆ ಒಲೆ ಮೇಲಿಟ್ಟು ಎರಡು ನಿಮಿಷ ಕುದಿಸಿದ್ರೆ ಅಲ್ಲಿಗೆ ನಿಲ್ಲತ್ತೆ, ಎಳೆ ಕತ್ತರಿಸಿಯಾಗಿದೆ, ವಾಪಸ್ ಗಟ್ಟಿ ಆಗಲ್ಲ. ಮೊಳಕೆ ಕಟ್ಟೋವಾಗ ಸೇರೋ ಬ್ಯಾಕ್ಟೀರಿಯಾಗೂ ಈ ಕುದಿ ಬೇಕೇ ಬೇಕು, ಬಿಡ್ಬೇಡಿ. ಬ್ಯಾಚ್ 10ರಲ್ಲಿ ಫೋನ್ ಬಂತು, ತಳ ಹತ್ತಿತು, ಅಷ್ಟೆ ಕಥೆ. ಬ್ಯಾಚ್ 11 ನಿನ್ನೇದು. ಕುದಿಯೋ ನೀರು ಹಾಕಿ ಫ್ಲಾಸ್ಕ್ ಬಿಸಿ ಮಾಡಿ ಚೆಲ್ಲಿ, ಕುದಿಕುದಿ ತುಂಬಿದೆ, 3.10ಕ್ಕೆ 63 ಡಿಗ್ರಿ ಇತ್ತು, ಅಂದ್ರೆ ಕೆಡೋ ಭಯ ಇಲ್ಲ. ಮಜ್ಜಿಗೆ ಬೇರೆ ಪುಟ್ಟ ಬಾಟಲೀಲಿ, ಅವತ್ತು ಸಂಜೆ ಕಡೆದಿದ್ದು, ಉಪ್ಪು, ಜಜ್ಜಿದ ಕರಿಬೇವು, ಕುಡಿಯೋವಾಗ ಬೆರೆಸ್ದೆ, ಕುಡಿಯೋ ಬಿಸಿಗೆ ಬಂತು. ಜೊತೆಗೆ ಒಂದು ಹಿಡಿ ಕಡಲೆಕಾಯಿ ಬೀಜ.

ಒಂದು ವಿಷಯ ಮುಚ್ಚಿಡಲ್ಲ. ಎಳೆ ಕತ್ತರಿಸಿದ ಪಿಷ್ಟ ಬೇಗ ಅರಗತ್ತೆ, ಅಂದ್ರೆ ಸಕ್ಕರೆ ಬೇಗ ಏರ್ಬಹುದು. ಮನೆಯಿಂದ ತಂದಿದ್ದ ಗ್ಲುಕೋಮೀಟರ್‌ನಲ್ಲಿ ನೋಡ್ಕೊಂಡೆ, ಕುಡಿಯೋ ಮುಂಚೆ 92, ಒಂದು ಗಂಟೆ ಆದ್ಮೇಲೆ 138. ನನಗೆ ಪರವಾಗಿಲ್ಲ. ಶುಗರ್ ಇರೋರು ಇದನ್ನ ನೋಡಿ ಹಾಗೇ ಮಾಡ್ಬೇಡಿ, ನಿಮ್ಮ ಡಾಕ್ಟರ್ ಹತ್ರ ಮಾತಾಡಿ. ಮೊಳಕೆ ಹಿಟ್ಟು ಒಂದು ಟೀ ಚಮಚ ದಾಟ್ಬೇಡಿ, ಕಡಲೆಕಾಯಿ ಬಿಡ್ಬೇಡಿ.

ಉಳಿದಿರೋ ತಲೆನೋವು ಫ್ಲಾಸ್ಕ್ ಮುಚ್ಚಳದ ರಬ್ಬರ್ ವಾಷರ್, ಹುಳಿ ವಾಸನೆ ಹಿಡಿದಿದೆ, ಬಿಡಿಯಾಗಿ ವಾಷರ್ ಕೇಳಿದ್ರೆ ನಾಲ್ಕು ಅಂಗಡೀಲೂ ಹೊಸ ಫ್ಲಾಸ್ಕೇ ತಗೊಳ್ಳಿ ಅಂದ್ರು. 900 ರೂಪಾಯಿ ಫ್ಲಾಸ್ಕ್‌ನ 10 ರೂಪಾಯಿ ವಾಷರ್‌ಗೋಸ್ಕರ ಎಸೀಬೇಕಾ? ಯಾರಿಗಾದ್ರೂ ಸಿಕ್ಕಿದ್ರೆ ಹೇಳಿ.

ಇನ್ನು ಮುಂದಿನದು, ತಡ್ಕೊಳ್ಳೋಕಾಗ್ತಿಲ್ಲ, ಹುರಿಹಿಟ್ಟಿನ ಉಂಡೆ. ಅಂಬಲೀಲಿ ಕಿಣ್ವ ಉಳಿಸ್ಬೇಕಿತ್ತು, ಇಲ್ಲಿ ಉಲ್ಟಾ, ರಾಗೀನ ಕಾದ ಮರಳಲ್ಲಿ ಅರಳಿಸ್ಬೇಕು. ಸಮಸ್ಯೆ ಏನಂದ್ರೆ ಬೆಲ್ಲ ಕಡಿಮೆ ಮಾಡಿದ್ರೆ ಉಂಡೆ ನಿಲ್ಲಲ್ಲ, ಏಪ್ರನ್ ಮೇಲೆಲ್ಲ ಪುಡಿ. ಕೊಬ್ಬರಿ ಜೊತೆ ಕಡಲೆಕಾಯಿ ಬೀಜನ ಎಣ್ಣೆ ಬಿಡೋ ಹಾಗೆ ಅರೆದು ಹಾಕಿದ್ರೆ ಹಿಡ್ಕೊಳ್ಳತ್ತಾ ನೋಡ್ಬೇಕು. ಇವತ್ತು ನೈಟ್ ಆಫ್, ಎರಡು ಸೇರು ರಾಗಿಗೆ ನೀರು ಚಿಮುಕಿಸಿ ಬಟ್ಟೆ ಮುಚ್ಚಿ ಇಟ್ಟಿದ್ದೀನಿ, ಅತ್ತೆ ಮರಳು ತೊಳೆದು ಒಣಹಾಕಿದ್ದಾರೆ. ಬೆಳಗ್ಗೆ ಅರಳತ್ತೆ.