ರಾತ್ರಿ ಎರಡು ಗಂಟೆಗೆ ಇದನ್ನೆಲ್ಲ ಯಾರು ಕೇಳ್ತಾರೆ?

ರಜೆಗೆ ಮೈಸೂರಿಗೆ ಬಂದರೂ ಸರಿ, ಇಲ್ಲಿ ಯುಗಾದಿ ಊಟಕ್ಕೆ ಸೇರಿದರೂ ಸರಿ, ನನಗೆ ಎದುರಾಗುವ ಪ್ರಶ್ನೆ ಒಂದೇ. "ಅಲ್ಲಾ, ರೇಡಿಯೋದಲ್ಲಿ ಆ ಗಲಾಟೆ ಸಂಗೀತ ಹಾಕ್ತೀಯಲ್ಲ, ಅದೂ ರಾತ್ರಿ ಎರಡು ಗಂಟೆಗೆ, ಅದನ್ನೆಲ್ಲ ಯಾರು ಕೇಳ್ತಾರೆ?" ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಊಟದ ಎಲೆ ಮುಂದೆ ಕೂತು ಎರಡು ಮಾತಿನಲ್ಲಿ ಉತ್ತರ ಹೇಳಲು ನನಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಹಗಲು ಸಾಫ್ಟ್‌ವೇರ್ ಕೆಲಸ. ವಾರಕ್ಕೊಂದು ರಾತ್ರಿ, ಎರಡರಿಂದ ಐದರವರೆಗೆ, ಒಂದು ಕಾಲೇಜಿನ ಎಫ್‌ಎಂ ಸ್ಟೇಷನ್‌ನಲ್ಲಿ ಕೂರುತ್ತೇನೆ. ವಿದ್ಯಾರ್ಥಿಗಳ ಜೊತೆ ಊರಿನವರನ್ನೂ ಸೇರಿಸಿಕೊಳ್ಳುವ ಸ್ಟೇಷನ್ ಅದು. ಯಾರಿಗೂ ಸಂಬಳ ಇಲ್ಲ. ನಾನು ಹಾಕುವುದು ಪಂಕ್ ಮತ್ತು ಪ್ರಯೋಗದ ಸಂಗೀತ. ಒಂದು ಹಾಡು ಒಂದೂವರೆ ನಿಮಿಷದ್ದು. ಗಿಟಾರ್, ಡ್ರಮ್, ಕೂಗು, ಮುಗೀತು. ಅದರ ಹಿಂದೆಯೇ ಬರುವುದು ಇಪ್ಪತ್ತು ನಿಮಿಷದ್ದು. ಹಳೇ ಫ್ಯಾನಿನ ಮೋಟಾರ್ ಸದ್ದನ್ನೇ ಎಳೆದು, ಹಿಗ್ಗಿಸಿ, ತಂಬೂರಿಯ ಹಾಗೆ ಮಾಡಿದ್ದು.

ನನಗೂ ಇದು ಸಿಕ್ಕಿದ್ದು ಹುಡುಕಿ ಅಲ್ಲ. ಬಂದ ಹೊಸದರಲ್ಲಿ ಒಂದು ರಾತ್ರಿ ಆಫೀಸಿನಿಂದ ತಡವಾಗಿ ಮನೆಗೆ ಹೊರಟಿದ್ದೆ. ನಿದ್ದೆ ಬಾರದಿರಲಿ ಅಂತ ಕಾರಿನ ರೇಡಿಯೋ ತಿರುಗಿಸುತ್ತಾ ಎಡತುದಿಗೆ ಹೋದೆ. ಅಲ್ಲಿ ಯಾರೋ ಕಬ್ಬಿಣದ ತಗಡನ್ನು ಪಿಟೀಲಿನ ಕಮಾನಿನಿಂದ ಉಜ್ಜುತ್ತಿದ್ದರು. ಆಮೇಲೆ ಒಬ್ಬ ಹುಡುಗ ಮೆಲ್ಲಗೆ, ಸ್ವಲ್ಪ ನಡುಗುವ ದನಿಯಲ್ಲಿ, ನುಡಿಸಿದವರ ಹೆಸರು, ಊರು, ವರ್ಷ ಹೇಳಿದ. ಮನೆ ಬಂದರೂ ನಾನು ಕಾರಿನಿಂದ ಇಳಿಯಲಿಲ್ಲ.

ಆ ಎಡತುದಿ ಸುಮ್ನೆ ಆದದ್ದಲ್ಲ. ಅಮೆರಿಕದಲ್ಲಿ ಎಫ್‌ಎಂನ 88ರಿಂದ 92 ಮೆಗಾಹರ್ಟ್ಸ್‌ವರೆಗಿನ 20 ಚಾನೆಲ್‌ಗಳನ್ನು 1945ರಲ್ಲೇ ಶಿಕ್ಷಣಕ್ಕೆಂದು ತೆಗೆದಿಟ್ಟರು. ತೆಗೆದಿಟ್ಟದ್ದು ರೇಡಿಯೋ ಲೈಸೆನ್ಸ್ ಕೊಡುವ ಎಫ್‌ಸಿಸಿ. ಅಲ್ಲಿ ಜಾಹೀರಾತು ಹಾಕುವಂತಿಲ್ಲ. ಯಾರು ಕೇಳುತ್ತಾರೆ, ಎಷ್ಟು ಜನ ಕೇಳುತ್ತಾರೆ ಅನ್ನುವ ಲೆಕ್ಕ ಮೊದಲು ಬೇಕಾಗುವುದು ಜಾಹೀರಾತು ಮಾರುವವರಿಗೆ. ನಮಗೆ ಆ ಲೆಕ್ಕ ಒಪ್ಪಿಸುವ ಹಂಗಿಲ್ಲ. ಹಾಗಾಗಿ ಇನ್ನೂರು ಕ್ಯಾಸೆಟ್ ಮಾತ್ರ ಮಾಡಿದ ಬ್ಯಾಂಡನ್ನೂ ಧೈರ್ಯವಾಗಿ ಹಾಕಬಹುದು.

ಈ ಧೈರ್ಯದಿಂದ ದೊಡ್ಡದೇ ಆಗಿದೆ. ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆಸಿಎಂಯು ಅಂತ ಸ್ಟೇಷನ್ ಇತ್ತು. 1972ರಲ್ಲಿ ಶುರುವಾದಾಗ ಅದರ ಶಕ್ತಿ ಬರೀ 10 ವಾಟ್. ನಮ್ಮ ಬಚ್ಚಲುಮನೆಯ ಬಲ್ಬಿನಷ್ಟು. ಎಂಬತ್ತರ ದಶಕದಲ್ಲಿ ಅಲ್ಲಿ ಬ್ರೂಸ್ ಪ್ಯಾವಿಟ್ ಅನ್ನುವವರು ಯಾರೂ ಮುಟ್ಟದ ಬ್ಯಾಂಡ್‌ಗಳನ್ನು ಹಾಕುತ್ತಿದ್ದರು. ಮುಂದೆ ಅವರು ಅಲ್ಲೇ ಡಿಜೆ ಆಗಿದ್ದ ಜೊನಾಥನ್ ಪೋನ್‌ಮನ್ ಜೊತೆ ಸೇರಿ ಸಬ್ ಪಾಪ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದರು. ಮುಂದೆ ಜಗತ್ತಿಗೇ ಹೆಸರಾದ ನಿರ್ವಾಣ ಬ್ಯಾಂಡಿನ ಮೊದಲ ರೆಕಾರ್ಡು 1988ರಲ್ಲಿ ಬಂದದ್ದು ಅಲ್ಲಿಂದಲೇ. ಆ ರೆಕಾರ್ಡನ್ನು ಬ್ಯಾಂಡಿನ ಹಾಡುಗಾರ ಕರ್ಟ್ ಕೊಬೇನ್ ತಾವೇ ಸ್ಟೇಷನ್‌ಗೆ ಕೊಟ್ಟು, ವಾಪಸ್ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ, ಸಾರ್ವಜನಿಕ ಫೋನಿನಿಂದ "ಈ ಹಾಡು ಹಾಕಿ" ಅಂತ ಕೇಳಿ, ಕಾರಿನಲ್ಲಿ ಕಾಯುತ್ತಾ ಕೂತಿದ್ದರು ಅಂತ ಹೇಳುತ್ತಾರೆ. ಇದು ನೆನಪಾದಾಗಲೆಲ್ಲ ನನಗೆ ಅನಿಸುವುದು, ಕೇಳುವವರ ಲೆಕ್ಕದಲ್ಲಿ ಹಾಡಿದವರನ್ನೂ ಸೇರಿಸಬೇಕು ಅಂತ. ಗ್ಯಾರೇಜಿನಲ್ಲಿ ಹಾಡಿದ್ದು ಬಾನುಲಿಯಲ್ಲಿ ಬಂತು ಅನ್ನುವ ಆ ಒಂದು ಗಳಿಗೆ ಎಷ್ಟು ದೊಡ್ಡದು, ಅಲ್ವಾ?

ಯೂಟ್ಯೂಬ್ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇದೆ. ನಾನೂ ಅದರಲ್ಲಿ ಕೇಳುತ್ತೇನೆ. ಆದರೆ ಅದು ನನಗೆ ಏನು ಇಷ್ಟ ಅಂತ ಊಹಿಸಿ ಅದನ್ನೇ ಮತ್ತೆ ಬಡಿಸುತ್ತದೆ. ನನಗೆ ಇಷ್ಟವಾಗಬಹುದು ಅಂತ ನನಗೇ ಗೊತ್ತಿಲ್ಲದ್ದನ್ನು ಕೊಟ್ಟದ್ದು ಆ ನಡುಗುವ ದನಿಯ ಹುಡುಗ.

ಇನ್ನು ನಮ್ಮ ರೆಕಾರ್ಡ್ ಕೋಣೆಯ ವಿಷಯ ಹೇಳಲೇಬೇಕು. ಕಿಟಕಿ ಇಲ್ಲದ ಕೋಣೆ. ನೆಲದಿಂದ ಚಾವಣಿವರೆಗೆ ಕಪಾಟು. ಹಳೇ ರಟ್ಟಿನ ವಾಸನೆ. ಯಾವ ತಟ್ಟೆ ತೆಗೆದರೂ ಕವರಿನ ಮೇಲೆ ಒಂದು ಬಿಳಿ ಚೀಟಿ ಅಂಟಿಸಿರುತ್ತದೆ. ಹೊಸ ರೆಕಾರ್ಡು ಬಂದಾಗ ನಮ್ಮಲ್ಲಿ ಒಬ್ಬರು ಅದನ್ನು ಮನೆಗೆ ಒಯ್ದು, ಪೂರ್ತಿ ಕೇಳಿ, ಚೀಟಿ ಬರೆಯಬೇಕು. ಯಾವ ಹಾಡು ಮೊದಲು ಹಾಕಬಹುದು, ಯಾವುದು ಕೊನೆಯಲ್ಲಿ ಥಟ್ಟನೆ ನಿಲ್ಲುತ್ತದೆ, ಯಾವುದರಲ್ಲಿ ಕೆಟ್ಟ ಬೈಗುಳ ಇದೆ. ಬೈಗುಳ ಇದ್ದರೆ ಕೆಂಪು ಗುರುತು. ಅಂಥದ್ದನ್ನು ರಾತ್ರಿ ಹತ್ತರಿಂದ ಬೆಳಗ್ಗೆ ಆರರೊಳಗೆ ಮಾತ್ರ ಹಾಕಬಹುದು ಅನ್ನುವುದು ಎಫ್‌ಸಿಸಿ ನಿಯಮ. ಪಂಕ್‌ಗೆ ರಾತ್ರಿ ಪಾಳಿ ಸಿಗುವುದಕ್ಕೆ ಅದೂ ಒಂದು ಕಾರಣ.

ಚೀಟಿಯಲ್ಲಿ ಜಾಗ ಉಳಿದಿದ್ದರೆ ಆಮೇಲೆ ಬಂದವರೂ ಬರೆಯುತ್ತಾರೆ. 1984ರಲ್ಲಿ ಒಬ್ಬರು "ಇದು ಬರೀ ಸದ್ದು" ಅಂತ ಬರೆದಿದ್ದರು. ಅದರ ಕೆಳಗೆ ಬೇರೆ ಅಕ್ಷರದಲ್ಲಿ, 1991: "ಇನ್ನೊಂದು ಸಲ ಕೇಳು." ಆ ಇಬ್ಬರೂ ಎದುರುಬದುರು ಸಿಕ್ಕಿರಲಿಕ್ಕಿಲ್ಲ. ಆದರೂ ಆ ರಟ್ಟಿನ ಮೇಲೆ ಅವರು ಇನ್ನೂ ವಾದ ಮಾಡುತ್ತಿದ್ದಾರೆ.

ಅಂಥ ಕೋಣೆಗಳು ಹೋಗಿಯೂ ಬಿಡುತ್ತವೆ. 1977ರಿಂದ ಎಫ್‌ಎಂನಲ್ಲಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಕೆಯುಎಸ್‌ಎಫ್ ಸ್ಟೇಷನ್ನಿನ ದನಿ 2011ರ ಜನವರಿ 18ರಂದು ಇದ್ದಕ್ಕಿದ್ದ ಹಾಗೆ ನಿಂತಿತು. ಅದರ ಒಡೆತನವಿದ್ದ ವಿಶ್ವವಿದ್ಯಾಲಯ ಅದರ ಲೈಸೆನ್ಸನ್ನು 37.5 ಲಕ್ಷ ಡಾಲರಿಗೆ ಮಾರಲು ಒಪ್ಪಿತ್ತು. ನಮ್ಮಲ್ಲಿನ ಹಳಬರು ಆ ದಿನದ ಮಾತೆತ್ತಿದರೆ ಇಂದಿಗೂ ಸುಮ್ಮನಾಗಿಬಿಡುತ್ತಾರೆ. ಇನ್ನೊಂದು ಕಡೆ, ನ್ಯೂಜೆರ್ಸಿಯಲ್ಲಿ, ಡಬ್ಲ್ಯುಎಫ್‌ಎಂಯು ಸ್ಟೇಷನ್ನಿನವರು ತಾವಿದ್ದ ಕಾಲೇಜು ಮುಳುಗುವ ಮುಂಚೆಯೇ ಎಚ್ಚೆತ್ತು 1994ರಲ್ಲಿ ಲೈಸೆನ್ಸ್ ತಮ್ಮದಾಗಿಸಿಕೊಂಡರು. ಮರುವರ್ಷ ಕಾಲೇಜು ಮುಚ್ಚಿತು. ರೇಡಿಯೋ ಉಳಿಯಿತು, ಕೇಳುಗರು ಕೊಡುವ ದುಡ್ಡಿನಲ್ಲೇ.

ಇದೆಲ್ಲ ಅಮೆರಿಕದವರ ಹುಚ್ಚು ಅಂತ ಅಂದುಕೊಳ್ಳಬೇಡಿ. ಮೈಸೂರಿನಲ್ಲಿ 1935ರಲ್ಲಿ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಹುಟ್ಟಿದ್ದು ಆ ಮನೆಯ ರೇಡಿಯೋಗೆ. ಅವರನ್ನೂ ಜನ "ಯಾರು ಕೇಳ್ತಾರೆ ಮೇಷ್ಟ್ರೇ?" ಅಂತ ಕೇಳಿರಬೇಕು ಅಂತ ನನಗೆ ಬಲವಾದ ಅನುಮಾನ.

ಸರಿ, ಯಾರು ಕೇಳುತ್ತಾರೆ? ಫೋನ್ ಮಾಡಿದವರಲ್ಲಿ ನೆನಪಿರುವವರು ಬೇಕರಿಯ ಒಬ್ಬರು. ಬೆಳಗ್ಗೆ ಮೂರೂವರೆಗೆ ಮೈದಾ ನಾದುತ್ತಿದ್ದರು. ಬ್ಯಾಂಡಿನ ಹೆಸರು ಬರೆದುಕೊಳ್ಳಲು ಕೈ ತೊಳೆದು ಬರುವವರೆಗೆ ನನ್ನನ್ನು ಫೋನಿನಲ್ಲಿ ನಿಲ್ಲಿಸಿದರು. ಆಸ್ಪತ್ರೆಯ ರಾತ್ರಿ ಪಾಳಿಯವರು ಒಬ್ಬರಿದ್ದಾರೆ. ಅವರಿಗೆ ಮೆಲ್ಲಗಿರುವುದು ಬೇಕು, ಮಳೆಯ ಸದ್ದು, ದೂರದ ಗಂಟೆ, ಅಂಥದ್ದು. ಹಾಗೆ ಒಂದು ಸಲ ತೀರಾ ಮೆಲ್ಲಗಿನದನ್ನು ಹಾಕಿದೆ. ಸ್ಟೇಷನ್ ಸತ್ತೇಹೋಯಿತು ಅಂತ ಯಂತ್ರ ತಿಳಿದು, ಮಲಗಿದ್ದ ಎಂಜಿನಿಯರ್ ಫೋನಿಗೆ ಎಚ್ಚರಿಕೆ ಕಳಿಸಿಬಿಟ್ಟಿತು.

ಇನ್ನೊಬ್ಬರು ನನ್ನ ಅಮ್ಮ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಎರಡು ಅಂದರೆ ಮೈಸೂರಿನಲ್ಲಿ ಮಧ್ಯಾಹ್ನ ಎರಡೂವರೆ. ಊಟ ಮುಗಿಸಿ, ಅಡುಗೆಮನೆ ಒರೆಸಿ, ಫೋನಿನಲ್ಲಿ ಸ್ಟೇಷನ್ ಹಾಕಿಕೊಂಡು ಮಲಗುತ್ತಾರೆ. ನನ್ನ ದನಿ ಕೇಳಲು, ಅಷ್ಟೇ. ಗಂಟೆಗೊಮ್ಮೆ ಸ್ಟೇಷನ್ ಹೆಸರು, ಊರು ಹೇಳಲೇಬೇಕು ಅನ್ನುವ ನಿಯಮ ಇದೆಯಲ್ಲ, ಅದಕ್ಕೆ ಕಾಯುತ್ತಾರೆ. ಹಾಡುಗಳ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಹೋದ ವರ್ಷ ಒಂದು ಏಳು ಇಂಚಿನ ತಟ್ಟೆ ಹಾಕಿದೆ. ಒಬ್ಬ ಹುಡುಗಿ, ಇಂಗ್ಲಿಷ್ ಅಲ್ಲದ ಭಾಷೆ, ಗಂಟಲು ಹರಿಯುವ ಹಾಗೆ ಕೂಗುತ್ತಾಳೆ. ಕವರಿನಲ್ಲಿ ಹಾಡಿನ ಸಾಲುಗಳೂ ಇರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಅಮ್ಮನ ಮೆಸೇಜ್ ಬಂತು: "ಅಲ್ಲ ಕಣೇ, ಈ ಹುಡುಗಿಗೆ ಯಾರು ಏನು ಮಾಡಿದ್ರು?"

ಮೈಕ್ ಆನ್ ಮಾಡುವುದನ್ನು ಮರೆತು ಅದನ್ನೇ ನೋಡುತ್ತಾ ಕೂತೆ. ಚೆನ್ನಾಗಿದೆ, ಚೆನ್ನಾಗಿಲ್ಲ, ಎರಡನ್ನೂ ಅಮ್ಮ ಹೇಳಲಿಲ್ಲ. ಆ ಕೂಗಿನ ಒಳಗೆ ಒಬ್ಬಳು ಮನುಷ್ಯಳಿದ್ದಾಳೆ ಅಂತ ತಿಳಿದು ಅವಳ ಬಗ್ಗೆ ವಿಚಾರಿಸಿದರು. ಎಷ್ಟೋ ದೊಡ್ಡ ವಿಮರ್ಶೆಗಳನ್ನು ಓದಿದ್ದೇನೆ. ಪಂಕ್ ಬಗ್ಗೆ ಇದಕ್ಕಿಂತ ಸರಿಯಾದ ಪ್ರಶ್ನೆ ನೋಡಿಲ್ಲ.

ಆ ತಟ್ಟೆಯ ಚೀಟಿಯಲ್ಲಿ ಸ್ವಲ್ಪ ಜಾಗ ಇತ್ತು. ಅಮ್ಮನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದು, ಮುಂದೆ "ನನ್ನ ಅಮ್ಮ, ಮೈಸೂರು" ಅಂತ ಸೇರಿಸಿ ಕಪಾಟಿಗೆ ಇಟ್ಟೆ. ನಾಲ್ಕು ತಿಂಗಳಾದ ಮೇಲೆ ಮತ್ತೆ ತೆಗೆದಾಗ ಕೆಳಗೆ ಯಾರದ್ದೋ ಅಕ್ಷರ, ನೀಲಿ ಇಂಕು: "ಮನೆ ಮಾಲೀಕ. ಎರಡನೇ ಬದಿ ಕೇಳಿ."

ಫೋಟೋ ತೆಗೆದು ಅಮ್ಮನಿಗೆ ಕಳಿಸಿ, ತಟ್ಟೆ ತಿರುವಿ ಮುಳ್ಳು ಇಟ್ಟೆ.